ಮಳೆಗಾಲ ಕಳೆದ ಮೇಲೆ ಕಚ್ಚಿಕೊಂಡ ಹಿಂಬದಿ ಬ್ರೇಕು



ಕಾಸರಗೋಡಿನ ಕಡೆಯ ಮಳೆಯ ವಿಚಾರ ನಿಮಗೆ ಹೇಳಬೇಕಾದ್ದಿಲ್ಲ. ಜೂನ್ ತಿಂಗಳಲ್ಲಿ ಹಿಡಿದದ್ದು ಸೆಪ್ಟೆಂಬರಿನವರೆಗೆ ಬಿಡುವುದಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಸುರಿಯುವ ಊರು ನಮ್ಮದು. ಅದರ ಜೊತೆಗೆ ಕಡಲಿನ ಉಪ್ಪುಗಾಳಿ ಬೇರೆ. ಈ ನಾಲ್ಕು ತಿಂಗಳು ಅಂಗಳದ ಬದಿಯ ಶೆಡ್ಡಿನಲ್ಲಿ ನಿಂತಲ್ಲೇ ನಿಂತಿರುವ ಸಣ್ಣ ಕಾರುಗಳು ನಮ್ಮಲ್ಲಿ ಬಹಳ. ಮಗ ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇರುತ್ತಾನೆ. ಮನೆಯಲ್ಲಿರುವ ಹಿರಿಯರು ಜಡಿಮಳೆಯಲ್ಲಿ ಗಾಡಿ ತೆಗೆಯುವುದಿಲ್ಲ. ನವರಾತ್ರಿಯ ಹೊತ್ತಿಗೆ ಬಿಸಿಲು ಬಿತ್ತೆಂದರೆ ಕಾರಿನ ನೆನಪಾಗುತ್ತದೆ. ಬ್ಯಾಟರಿ ಚಾರ್ಜ್ ಮಾಡಿಸಿ ತಂದು ಹಾಕುತ್ತೇವೆ. ಎಂಜಿನ್ ಚಾಲೂ ಆಗುತ್ತದೆ. ಹ್ಯಾಂಡ್ ಬ್ರೇಕ್ ಇಳಿಸಿ, ಗೇರ್ ಹಾಕಿ, ಕ್ಲಚ್ ಬಿಟ್ಟರೆ ಗಾಡಿ ಹಿಂಭಾಗವನ್ನು ತಗ್ಗಿಸಿ ಕುಳಿತುಕೊಳ್ಳುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ಹಿಂದಿನ ಚಕ್ರದ ಬ್ರೇಕು ಕಚ್ಚಿಕೊಂಡಿದೆ.

ಆಗ ನಾವೆಲ್ಲರೂ ಮಾಡುವುದು ಒಂದೇ. ಸ್ವಲ್ಪ ಎಕ್ಸಲೇಟರ್ ಕೊಡುತ್ತೇವೆ, ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಎಳೆದು ನೋಡುತ್ತೇವೆ. ಹೆಚ್ಚಿನ ಸಲ ಹಿಂದಿನಿಂದ ‘ಟಕ್’ ಎಂದು ಒಂದು ಶಬ್ದ ಕೇಳಿ ಗಾಡಿ ಬಿಟ್ಟುಕೊಳ್ಳುತ್ತದೆ. ನಮಗೆ ಸಮಾಧಾನ, ಕೆಲಸ ಮುಗಿಯಿತೆಂದು ಹೊರಟುಬಿಡುತ್ತೇವೆ. ಈ ‘ಟಕ್’ ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ, ಅದರಲ್ಲಿ ಒಂದು ಅಪಾಯದ್ದು ಎಂಬುದನ್ನು ತಿಳಿಸುವುದೇ ಇಂದಿನ ಈ ಮಾತುಗಳ ಉದ್ದೇಶ.

ಈ ಪಾಠ ನನಗೆ ಸಿಕ್ಕಿದ್ದು ನನ್ನದೇ ಗಾಡಿಯಿಂದ. ಒಂದು ವರ್ಷ ಮಳೆ ಬಿಟ್ಟ ಮೇಲೆ ನನ್ನ ಕಾರೂ ಹೀಗೆಯೇ ಕುಳಿತಿತ್ತು. ಎರಡು ಸಲ ಹಿಂದೆ ಮುಂದೆ ಮಾಡಿದಾಗ ‘ಟಕ್’ ಎಂದಿತು, ಬಿಟ್ಟಿತು. ಹಿಂದಿನಿಂದ ಗರಗರ ಎಂಬ ಸಣ್ಣ ಸದ್ದು ಬರುತ್ತಿತ್ತು. ತುಕ್ಕು ಉದುರುತ್ತಿರಬೇಕು ಎಂದುಕೊಂಡೆ. ಮರುದಿನ ಮಡಿಕೇರಿಗೆ ಹೋಗುವುದಿತ್ತು. ಗಾಳಿ ತುಂಬಿಸಲೆಂದು ಪರಿಚಯದ ಮೆಕ್ಯಾನಿಕ್ ಹತ್ತಿರ ನಿಲ್ಲಿಸಿದೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಹಿಂದೆ ನನ್ನ ತರಗತಿಯಲ್ಲಿ ಕುಳಿತವರು.

“ಮಾಷ್ಟ್ರೇ, ಗಾಡಿ ಸುಲಭದಲ್ಲಿ ಬಿಟ್ಟಿತಾ?” ಎಂದು ಕೇಳಿದರು.

“ಹೌದು ಮಾರಾಯಾ, ಟಕ್ ಅಂತ ಬಿಟ್ಟಿತು” ಎಂದೆ.

“ಟಕ್ ಅಂತ ಬಿಟ್ಟದ್ದು ಎಂತ ಅಂತ ನೋಡಿದ್ರಾ? ತುಕ್ಕು ಬಿಟ್ಟದ್ದಾ, ಲೈನಿಂಗ್ ಬಿಟ್ಟದ್ದಾ?”

ನನ್ನಲ್ಲಿ ಉತ್ತರ ಇರಲಿಲ್ಲ. ಅವರು ಡ್ರಮ್ ಬಿಚ್ಚಿ ತೋರಿಸಿದರು. ಎಡಬದಿಯ ಒಂದು ಬ್ರೇಕ್ ಶೂವಿನ ಲೈನಿಂಗ್ ಪೂರ್ತಿಯಾಗಿ ಕಳಚಿ ಡ್ರಮ್ಮಿಗೆ ಅಂಟಿಕೊಂಡಿತ್ತು. ಶೂವಿನಲ್ಲಿ ಉಳಿದದ್ದು ಬರಿಯ ಕಬ್ಬಿಣ. ಅದೇ ಸ್ಥಿತಿಯಲ್ಲಿ ನಾನು ಸಂಪಾಜೆ ಘಾಟಿ ಹತ್ತಿ, ಸಂಜೆ ಇಳಿಯುವವನಿದ್ದೆ.

ಇದು ಹೇಗಾಗುತ್ತದೆ ಎಂದು ತಿಳಿಯಬೇಕಾದರೆ ಮೊದಲು ಡ್ರಮ್ಮಿನ ಒಳಗೆ ಏನಿದೆ ಎಂದು ನೋಡೋಣ. ಒಂದು ಅಗಲ ಬಾಯಿಯ ಕಬ್ಬಿಣದ ಬಾಣಲೆಯನ್ನು ಮಗುಚಿ ಹಾಕಿದಂತೆ ಇರುವುದು ಬ್ರೇಕ್ ಡ್ರಮ್. ಅದು ಚಕ್ರದೊಂದಿಗೆ ತಿರುಗುತ್ತದೆ. ಅದರ ಒಳಗೆ, ತಿರುಗದೆ ನಿಂತಿರುವ ಒಂದು ತಗಡಿನ ಮೇಲೆ, ಅರ್ಧಚಂದ್ರಾಕಾರದ ಎರಡು ಶೂಗಳು ಎದುರುಬದುರಾಗಿ ಕುಳಿತಿರುತ್ತವೆ. ಆ ತಗಡಿಗೆ ಬ್ಯಾಕ್ ಪ್ಲೇಟ್ ಎನ್ನುತ್ತಾರೆ. ಶೂಗಳ ಹೊರಮೈಗೆ ಅಂಟಿಸಿರುವ ಗಡುಸಾದ ಪಟ್ಟಿಯೇ ಲೈನಿಂಗ್. ಎರಡು ಶೂಗಳ ನಡುವೆ ಮೇಲ್ಭಾಗದಲ್ಲಿ ಹೆಬ್ಬೆರಳಿನಷ್ಟು ದಪ್ಪದ ಒಂದು ವೀಲ್ ಸಿಲಿಂಡರ್ ಇರುತ್ತದೆ. ನೀವು ಪೆಡಲ್ ಒತ್ತಿದಾಗ ಬ್ರೇಕ್ ಆಯಿಲಿನ ಒತ್ತಡ ಕೊಳವೆಯ ಮೂಲಕ ಅಲ್ಲಿಗೆ ಬಂದು, ಸಿಲಿಂಡರಿನ ಎರಡು ಪಿಸ್ಟನ್‌ಗಳನ್ನು ಎರಡು ಬದಿಗೆ ತಳ್ಳುತ್ತದೆ. ಶೂಗಳು ಅಗಲಗೊಂಡು ಡ್ರಮ್ಮಿನ ಒಳಮೈಯನ್ನು ಒತ್ತಿ ಹಿಡಿಯುತ್ತವೆ. ಪೆಡಲ್ ಬಿಟ್ಟರೆ ಸ್ಪ್ರಿಂಗುಗಳು ಶೂಗಳನ್ನು ಹಿಂದಕ್ಕೆ ಎಳೆಯುತ್ತವೆ. ಹ್ಯಾಂಡ್ ಬ್ರೇಕಿಗೆ ಆಯಿಲಿನ ಸಂಬಂಧವಿಲ್ಲ. ನೀವು ಎಳೆದ ಲಿವರಿನಿಂದ ಉಕ್ಕಿನ ಕೇಬಲ್ ಒಂದೊಂದು ಚಕ್ರಕ್ಕೆ ಹೋಗಿ, ಅಲ್ಲಿರುವ ಸಣ್ಣ ಸನ್ನೆಗೋಲಿನಿಂದ ಅವೇ ಶೂಗಳನ್ನು ಅಗಲಿಸುತ್ತದೆ.

ಇಂದಿನ ಹೆಚ್ಚಿನ ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್, ಹಿಂದಿನವಕ್ಕೆ ಡ್ರಮ್. ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಕೆಲಸದ ಹೆಚ್ಚು ಪಾಲು ಮುಂದಿನ ಚಕ್ರಗಳದ್ದು. ಹಿಂದಿನ ಲೈನಿಂಗ್ ನಿಧಾನವಾಗಿ ಸವೆಯುತ್ತದೆ. ಮೇಲಾಗಿ ಡ್ರಮ್ಮಿನ ಒಳಗೆ ಏನಾಗುತ್ತಿದೆ ಎಂದು ಹೊರಗಿನಿಂದ ಕಾಣುವುದೂ ಇಲ್ಲ. ಈ ಎರಡು ಕಾರಣಗಳಿಂದ ಹಿಂದಿನ ಬ್ರೇಕನ್ನು ವರ್ಷಗಟ್ಟಲೆ ಯಾರೂ ಬಿಚ್ಚಿ ನೋಡುವುದಿಲ್ಲ. ಅದು ಕೆಡುವುದು ಹೆಚ್ಚಾಗಿ ಓಡಿ ಅಲ್ಲ, ನಿಂತು.

ನಿಂತಾಗ ಏನಾಗುತ್ತದೆ? ಮಳೆಯಲ್ಲಿ ಓಡಿಸಿಯೋ ತೊಳೆದೋ ಒದ್ದೆಯಾದ ಗಾಡಿಯನ್ನು ಶೆಡ್ಡಿಗೆ ತಂದು ಹ್ಯಾಂಡ್ ಬ್ರೇಕ್ ಎಳೆದು ಬಿಡುತ್ತೇವೆ. ಲೈನಿಂಗ್ ಡ್ರಮ್ಮಿಗೆ ಒತ್ತಿಕೊಂಡೇ ಇರುತ್ತದೆ. ಡ್ರಮ್ ಬೀಡುಕಬ್ಬಿಣದ್ದು. ನೀರು, ಗಾಳಿ, ಉಪ್ಪು ಸೇರಿದರೆ ತುಕ್ಕು ಹಿಡಿಯಲು ಒಂದು ರಾತ್ರಿ ಸಾಕು. ತುಕ್ಕು ಎಂಬುದು ಅದು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಲೈನಿಂಗಿನ ಮೈಯಲ್ಲಿರುವ ಸಣ್ಣ ರಂಧ್ರಗಳ ಒಳಕ್ಕೂ ಅದು ಬೆಳೆದು, ಸಿಮೆಂಟಿನಂತೆ ಎರಡನ್ನೂ ಬೆಸೆಯುತ್ತದೆ. ಒಂದು ರಾತ್ರಿಯ ತುಕ್ಕಾದರೆ ಗಾಡಿ ಅಲುಗಿದ ಕೂಡಲೆ ಬಿಡುತ್ತದೆ. ನಾಲ್ಕು ತಿಂಗಳ ತುಕ್ಕಿನ ಹಿಡಿತ ಕೆಲವೊಮ್ಮೆ ಲೈನಿಂಗನ್ನು ಶೂವಿಗೆ ಅಂಟಿಸಿದ ಅಂಟಿಗಿಂತಲೂ ಗಟ್ಟಿಯಾಗಿರುತ್ತದೆ. ಲೈನಿಂಗಿನ ಅಡಿಯ ಕಬ್ಬಿಣಕ್ಕೂ ತುಕ್ಕು ಹಿಡಿದು ಆ ಅಂಟು ಮೊದಲೇ ಸಡಿಲಾಗಿದ್ದರಂತೂ ಕೇಳುವುದೇ ಬೇಡ. ಆಗ ಬಲವಾಗಿ ಎಳೆದರೆ ಬಿಡುವುದು ತುಕ್ಕಲ್ಲ, ಲೈನಿಂಗ್. ಹೊರಗೆ ಕೇಳುವ ಶಬ್ದ ಮಾತ್ರ ಎರಡರಲ್ಲೂ ಒಂದೇ.

ಹೀಗೆ ಕಳಚಿದ ಲೈನಿಂಗ್ ಮುಂದೆ ಏನು ಮಾಡುತ್ತದೆ? ಡ್ರಮ್ಮಿನ ಒಳಗೆ ತುಂಡುತುಂಡಾಗಿ, ಶೂವಿಗೂ ಡ್ರಮ್ಮಿಗೂ ನಡುವೆ ಬೆಣೆಯಂತೆ ಸಿಕ್ಕಿಕೊಳ್ಳಬಹುದು. ಓಡುತ್ತಿರುವಾಗ ಒಂದೇ ಒಂದು ಹಿಂದಿನ ಚಕ್ರ ಹಠಾತ್ತನೆ ನಿಂತರೆ, ಅದರಲ್ಲೂ ಒದ್ದೆ ರಸ್ತೆಯ ತಿರುವಿನಲ್ಲಿ, ಗಾಡಿ ಜಾರಿ ಅಡ್ಡ ತಿರುಗುತ್ತದೆ. ಸಿಕ್ಕಿಕೊಳ್ಳದೆ ಪುಡಿಯಾಗಿ ಹೋದರೆ ಬರಿಯ ಕಬ್ಬಿಣ ಡ್ರಮ್ಮನ್ನು ಕೆರೆಯುತ್ತದೆ, ಪೆಡಲ್ ಕೆಳಗೆ ಇಳಿಯುತ್ತದೆ. ಪಿಸ್ಟನ್ ಮಿತಿಮೀರಿ ಹೊರಬಂದರೆ ಆಯಿಲ್ ಸೋರಿಹೋಗಬಹುದು. ಹ್ಯಾಂಡ್ ಬ್ರೇಕೂ ಆ ಚಕ್ರದಲ್ಲಿ ನೆಚ್ಚುವಂತಿರುವುದಿಲ್ಲ.

ಬ್ರೇಕ್ ಕಚ್ಚಿಕೊಳ್ಳಲು ತುಕ್ಕೊಂದೇ ಕಾರಣವಲ್ಲ. ಇನ್ನೂ ಎರಡಿವೆ. ಒಂದು, ಹ್ಯಾಂಡ್ ಬ್ರೇಕಿನ ಕೇಬಲ್. ಒಂದು ಕವಚದ ಒಳಗೆ ಉಕ್ಕಿನ ತಂತಿ ಜಾರುವಂತೆ ಅದರ ರಚನೆ. ಕವಚ ಒಡೆದರೆ ಅಥವಾ ತುದಿಯ ರಬ್ಬರ್ ಹರಿದರೆ ಕೆಸರು ನೀರು ಒಳಹೋಗಿ ತಂತಿ ತುಕ್ಕು ಹಿಡಿಯುತ್ತದೆ. ನೀವು ಲಿವರ್ ಇಳಿಸಿದರೂ ತಂತಿ ಹಿಂದಕ್ಕೆ ಜಾರುವುದಿಲ್ಲ. ಶೂಗಳು ಅಗಲಗೊಂಡೇ ಇರುತ್ತವೆ. ಇನ್ನೊಂದು, ವೀಲ್ ಸಿಲಿಂಡರ್. ನಾವು ಬಳಸುವ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ಗುಣದ್ದು. ಹಳೆಯ ಆಯಿಲಿನಲ್ಲಿ ಸೇರಿದ ನೀರು ಸಿಲಿಂಡರಿನ ಒಳಮೈಯನ್ನು ತಿನ್ನುತ್ತದೆ. ಪಿಸ್ಟನ್ ಬಿಗಿಯಾಗಿ ಹೋದಲ್ಲೇ ನಿಲ್ಲುತ್ತದೆ.

ಈ ಮೂರರಲ್ಲಿ ಯಾವುದೆಂದು ಗುರುತಿಸುವುದು ಕಷ್ಟವಲ್ಲ. ಮೊದಲು ಯಾವ ಚಕ್ರವೆಂದು ನೋಡಿ. ಗಾಡಿಯನ್ನು ಸ್ವಲ್ಪ ಎಳೆದಾಗ ಮಣ್ಣಿನ ಅಂಗಳದಲ್ಲಿ ತಿರುಗುವ ಚಕ್ರ ಹೂವಿನ ಅಚ್ಚು ಬಿಡುತ್ತದೆ, ಕಚ್ಚಿಕೊಂಡ ಚಕ್ರ ಗೀರು ಎಳೆಯುತ್ತದೆ. ಎಂಜಿನ್ನಿನ ಬಲ ಮುಂದಿನ ಚಕ್ರಗಳಿಗೆ ಹೋಗುವ ಕಾರುಗಳಲ್ಲಿ ಹಿಂದಿನ ಚಕ್ರಕ್ಕೆ ಗೇರಿನ ಸಂಬಂಧವಿಲ್ಲ. ಅದು ತಿರುಗದಿದ್ದರೆ ದೋಷ ಹೆಚ್ಚಾಗಿ ಬ್ರೇಕಿನದ್ದೇ. ಹಿಂದಿನ ಚಕ್ರಗಳಿಂದ ಓಡುವ ವ್ಯಾನುಗಳಲ್ಲಿ ಮಾತ್ರ ಗೇರ್ ನ್ಯೂಟ್ರಲ್‌ನಲ್ಲಿದೆಯೇ ಎಂದು ಖಚಿತ ಮಾಡಿಕೊಳ್ಳಬೇಕು.

ಗಾಡಿಯನ್ನು ಹಿಂದೆ ಮುಂದೆ ಮಾಡಿ ಬಿಡಿಸುವ ಪ್ರಯತ್ನ ತಪ್ಪಲ್ಲ. ಆದರೆ ಅದು ಮೆಲ್ಲಗಿರಲಿ, ಎರಡು ಮೂರು ಸಲಕ್ಕೆ ಮುಗಿಯಲಿ. ಎಂಜಿನ್ ಗುಂಯ್‌ಗುಟ್ಟಿಸಿ ಹಠ ಹಿಡಿದರೆ ಕ್ಲಚ್ ಸುಟ್ಟುಹೋಗುತ್ತದೆ. ಚಕ್ರವನ್ನು ಎಳೆದುಕೊಂಡೇ ರಸ್ತೆಗೆ ಹೋದರೆ ಟಯರ್ ಒಂದೇ ಕಡೆ ಚಪ್ಪಟೆಯಾಗಿ ಸವೆಯುತ್ತದೆ. ಇನ್ನೊಂದು ಎಚ್ಚರಿಕೆ: ನಮ್ಮ ಅಂಗಳಗಳು ಹೆಚ್ಚಾಗಿ ಇಳಿಜಾರು. ಕಚ್ಚಿಕೊಂಡ ಬ್ರೇಕೇ ಗಾಡಿಯನ್ನು ಹಿಡಿದು ನಿಲ್ಲಿಸಿರಬಹುದು. ಅದು ಬಿಟ್ಟ ಕ್ಷಣ ಗಾಡಿ ಉರುಳುತ್ತದೆ. ಗಾಡಿಯ ಹಿಂದೆ ಮುಂದೆ ಮಕ್ಕಳಾಗಲಿ ದೂಡುವವರಾಗಲಿ ನಿಲ್ಲಬಾರದು.

ಇನ್ನು ಚಕ್ರ ಎತ್ತುವ ವಿಚಾರ. ಸಮತಟ್ಟಾದ ಗಟ್ಟಿ ನೆಲದಲ್ಲಿ ಮಾತ್ರ ಜ್ಯಾಕ್ ಇಡಬೇಕು. ಹಿಂದಿನ ಚಕ್ರ ಎತ್ತಿದ ಮೇಲೆ ಹ್ಯಾಂಡ್ ಬ್ರೇಕಿಗೆ ಅರ್ಥವಿಲ್ಲ. ಆದುದರಿಂದ ಮುಂದಿನ ಎರಡೂ ಚಕ್ರಗಳಿಗೆ ಎರಡೂ ಬದಿಯಿಂದ ಮರದ ಅಡೆ ಕೊಡಬೇಕು. ಮುಂದಿನ ಚಕ್ರಗಳಿಂದ ಓಡುವ ಕಾರಾದರೆ ಮೊದಲನೇ ಗೇರಿನಲ್ಲೂ ಇಡಬೇಕು. ಚಕ್ರದ ನಟ್ಟುಗಳನ್ನು ಎತ್ತುವ ಮೊದಲೇ ಸ್ವಲ್ಪ ಸಡಿಲಿಸಿಕೊಳ್ಳಿ. ಎತ್ತಿದ ಮೇಲೆ ಜ್ಯಾಕನ್ನೇ ನಂಬಬೇಡಿ. ಗಾಡಿಯ ಅಡಿಗೆ ಕಬ್ಬಿಣದ ಸ್ಟ್ಯಾಂಡ್ ಕೊಡಿ. ನಮ್ಮೂರಲ್ಲಿ ಮುರಕಲ್ಲು ಕೈಗೆ ಸುಲಭವಾಗಿ ಸಿಗುತ್ತದೆಂದು ಅದನ್ನೇ ಎರಡು ಪೇರಿಸಿ ಇಡುವುದುಂಟು. ಕಲ್ಲು ಗಟ್ಟಿಯಾಗಿ ಕಂಡರೂ ಒಂದೇ ಬಿಂದುವಿನ ಮೇಲೆ ಭಾರ ಬಿದ್ದಾಗ, ಅದರಲ್ಲೂ ಸುತ್ತಿಗೆಯ ಪೆಟ್ಟಿನ ಅದುರಾಟಕ್ಕೆ, ಒಡೆದು ಪುಡಿಯಾಗುತ್ತದೆ. ಅದನ್ನು ಖಂಡಿತ ಬಳಸಬೇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು.

ಈಗ ಚಕ್ರ ತಿರುಗಿಸಿ ನೋಡಿ. ತಿರುಗದಿದ್ದರೆ ಹ್ಯಾಂಡ್ ಬ್ರೇಕ್ ಕೇಬಲಿನ ಹೊಂದಾಣಿಕೆಯ ನಟ್ಟನ್ನು ಪೂರ್ತಿ ಸಡಿಲಿಸಿ. ಆಗ ಚಕ್ರ ಬಿಟ್ಟರೆ ದೋಷ ಕೇಬಲಿನದ್ದು. ಬಿಡದಿದ್ದರೆ ಬ್ಯಾಕ್ ಪ್ಲೇಟಿನ ಹಿಂದಿರುವ ಗಾಳಿ ತೆಗೆಯುವ ನಿಪ್ಪಲಿಗೆ ಒಂದು ಕೊಳವೆ ಸಿಕ್ಕಿಸಿ, ಕೊಳವೆಯ ಇನ್ನೊಂದು ತುದಿಯನ್ನು ಬಾಟ್ಲಿಯಲ್ಲಿಟ್ಟು, ನಿಪ್ಪಲನ್ನು ಸ್ವಲ್ಪ ಸಡಿಲಿಸಿ ನೋಡಬಹುದು. ಆಯಿಲ್ ಚಿಮ್ಮಿ ಚಕ್ರ ಬಿಟ್ಟರೆ ಒತ್ತಡ ಒಳಗೆ ಸಿಕ್ಕಿಕೊಂಡಿತ್ತೆಂದು ಅರ್ಥ. ಬ್ರೇಕಿನ ರಬ್ಬರ್ ಹೋಸ್ ಒಳಗೆ ಊದಿ ಮುಚ್ಚಿಕೊಂಡರೂ ಹೀಗಾಗುತ್ತದೆ. ಈ ಪರೀಕ್ಷೆ ಮಾಡಿದ ಮೇಲೆ ಬ್ರೇಕಿನ ಗಾಳಿ ತೆಗೆಯದೆ ಗಾಡಿ ಓಡಿಸಬಾರದು. ಎರಡಕ್ಕೂ ಬಗ್ಗದಿದ್ದರೆ ಹೆಚ್ಚಾಗಿ ಲೈನಿಂಗೇ ಡ್ರಮ್ಮಿಗೆ ಕಚ್ಚಿದೆ, ಇಲ್ಲವೇ ಪಿಸ್ಟನ್ ಹೊರಗೇ ಬಿಗಿದುಕೊಂಡಿದೆ. ಅದು ಡ್ರಮ್ ಬಿಚ್ಚಿದ ಮೇಲೆಯೇ ತಿಳಿಯುವುದು.

ಕಚ್ಚಿದ ಡ್ರಮ್ಮನ್ನು ಬಿಡಿಸುವುದರಲ್ಲಿ ಬಲಕ್ಕಿಂತ ತಾಳ್ಮೆ ಮುಖ್ಯ. ಚಕ್ರ ಕಳಚಿ, ಡ್ರಮ್ಮಿನ ಮುಖದ ಮೇಲೆ ಒಂದು ಮರದ ತುಂಡನ್ನಿಟ್ಟು, ಅದರ ಮೇಲೆ ಸುತ್ತಿಗೆಯಿಂದ ಸುತ್ತಲೂ ಸಮನಾಗಿ ತಟ್ಟುತ್ತಾ ಬನ್ನಿ. ಬೀಡುಕಬ್ಬಿಣ ಬಾಗುವ ಲೋಹವಲ್ಲ, ಬಿರಿಯುವ ಲೋಹ. ಅಂಚಿಗೆ ನೇರವಾಗಿ ಹೊಡೆದರೆ ಚೂರು ಹಾರುತ್ತದೆ. ಅದುರಾಟದಿಂದ ತುಕ್ಕು ಸಡಿಲಾಗುತ್ತದೆ. ತುಕ್ಕು ಬಿಡಿಸುವ ಎಣ್ಣೆಯನ್ನು ಡ್ರಮ್ ಹಬ್ಬಿನ ಮೇಲೆ ಕೂರುವ ನಡುವಿನ ಸಂದಿಗೆ ಮಾತ್ರ ಎರಡು ಹನಿ ಬಿಡಬಹುದು. ಸ್ವಲ್ಪ ಹೊತ್ತು ಕಾದು ಮತ್ತೆ ತಟ್ಟಿ. ಹಲವು ಡ್ರಮ್ಮುಗಳ ಮುಖದಲ್ಲಿ ಹುರಿಯಿರುವ ಎರಡು ತೂತುಗಳಿರುತ್ತವೆ. ಅಳತೆಗೆ ಸರಿಯಾದ ಎರಡು ಬೋಲ್ಟುಗಳನ್ನು ಅವಕ್ಕೆ ಹಾಕಿ, ಇದಕ್ಕೆ ಕಾಲು ಸುತ್ತು ಅದಕ್ಕೆ ಕಾಲು ಸುತ್ತು ಎಂಬಂತೆ ಸಮನಾಗಿ ಬಿಗಿಯುತ್ತಾ ಹೋದರೆ ಡ್ರಮ್ ತಾನಾಗಿ ಮುಂದಕ್ಕೆ ಬರುತ್ತದೆ. ಅರ್ಧ ಬಂದು ನಿಂತರೆ ಸವೆದ ಡ್ರಮ್ಮಿನ ಅಂಚಿನಲ್ಲಿ ಉಳಿದ ಏಣು ಶೂಗಳಿಗೆ ತಡೆಯುತ್ತಿದೆ ಎಂದು ತಿಳಿಯಿರಿ. ಆಗ ಬ್ಯಾಕ್ ಪ್ಲೇಟಿನ ಹಿಂದಿನ ರಬ್ಬರ್ ಮುಚ್ಚಳ ತೆಗೆದು, ಅಲ್ಲಿಂದ ಸ್ಕ್ರೂಡ್ರೈವರ್ ಹಾಕಿ ಶೂಗಳ ಹೊಂದಾಣಿಕೆಯನ್ನು ಹಿಂದಕ್ಕೆ ತರಬೇಕು. ಕೆಲವು ಕಾರುಗಳಲ್ಲಿ ಚಕ್ರದ ಬೇರಿಂಗ್ ಡ್ರಮ್ಮಿನ ಒಳಗೇ ಇರುತ್ತದೆ. ಅಂಥಲ್ಲಿ ನಡುವಿನ ನಟ್ಟನ್ನು ಬಿಚ್ಚಿಯೇ ಡ್ರಮ್ ತೆಗೆಯಬೇಕು. ಮತ್ತೆ ಬಿಗಿಯುವುದಕ್ಕೆ ಲೆಕ್ಕವುಂಟು. ಅದು ತಿಳಿದವರ ಕೆಲಸ.

ಮಾಡಬಾರದ ಎರಡು ಕೆಲಸಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಡ್ರಮ್ಮಿನ ಒಳಕ್ಕೆ ಸೀಮೆಎಣ್ಣೆ, ಡೀಸೆಲ್, ಎಂಜಿನ್ ಆಯಿಲ್ ಸುರಿಯಬೇಡಿ. ಚಕ್ರ ಬಿಡಬಹುದು, ಆದರೆ ಲೈನಿಂಗ್ ಎಣ್ಣೆ ಕುಡಿದು ಬ್ರೇಕ್ ಹಿಡಿಯುವುದನ್ನೇ ನಿಲ್ಲಿಸುತ್ತದೆ. ಎಣ್ಣೆ ಕುಡಿದ ಲೈನಿಂಗನ್ನು ತೊಳೆದು ಸರಿಮಾಡಲು ಬರುವುದಿಲ್ಲ. ಹಾಗೆಯೇ ಬೆಂಕಿಯಿಂದ ಕಾಯಿಸಬೇಡಿ. ಒಳಗೆ ರಬ್ಬರ್, ಗ್ರೀಸ್, ಬ್ರೇಕ್ ಆಯಿಲ್ ಎಲ್ಲವೂ ಇವೆ.

ಡ್ರಮ್ ಬಂತು. ಒಳಗೆ ಕಪ್ಪು ಪುಡಿ ತುಂಬಿರುತ್ತದೆ. ಅದನ್ನು ಬಾಯಿಯಿಂದ ಊದಬೇಡಿ, ಗಾಳಿಯ ಪೈಪಿನಿಂದಲೂ ಊದಿಸಬೇಡಿ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಪುಡಿ ಶ್ವಾಸಕೋಶಕ್ಕೆ ಹೋದರೆ ವರ್ಷಗಳ ಮೇಲೆ ಮಾರಕ ಕಾಯಿಲೆ ಬರುತ್ತದೆ. ಲೈನಿಂಗನ್ನು ಕಣ್ಣಿನಿಂದ ನೋಡಿ ಕಲ್ನಾರು ಇದೆಯೋ ಇಲ್ಲವೋ ಎಂದು ಹೇಳಲಾಗದು. ಸಾಬೂನು ನೀರು ಚಿಮುಕಿಸಿ, ಒದ್ದೆ ಬಟ್ಟೆಯಿಂದ ಒರಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿ ಎಸೆಯಿರಿ. ಮೂಗಿಗೆ ಒಳ್ಳೆಯ ಮಾಸ್ಕ್ ಇರಲಿ.

ಇನ್ನು ನೋಡಬೇಕಾದದ್ದು ನಾಲ್ಕು. ಮೊದಲನೆಯದು ಲೈನಿಂಗ್. ಎರಡೂ ಶೂಗಳಲ್ಲಿ ಪೂರ್ತಿ ಇದೆಯೇ? ಶೂವಿಗೂ ಅದಕ್ಕೂ ನಡುವೆ ಕೂದಲೆಳೆಯಷ್ಟು ಬಿರುಕಾದರೂ ಕಾಣುತ್ತದೆಯೇ? ಉಗುರಿನಿಂದ ಅಂಚನ್ನು ಮೀಟಿ ನೋಡಿ. ಒಂದೇ ಶೂವಿನದ್ದು ಸಡಿಲವಾಗಿದ್ದರೂ ಎಡಬಲ ಎರಡೂ ಚಕ್ರಗಳ ನಾಲ್ಕು ಶೂಗಳನ್ನೂ ಬದಲಿಸಬೇಕು. ಒಂದು ಬದಿಗೆ ಹೊಸದು ಇನ್ನೊಂದಕ್ಕೆ ಹಳೆಯದು ಆದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಎರಡನೆಯದು ಡ್ರಮ್ಮಿನ ಒಳಮೈ. ತೆಳು ತುಕ್ಕಾದರೆ ಎಮೆರಿ ಪೇಪರಿನಿಂದ ಉಜ್ಜಿ ತೆಗೆಯಬಹುದು. ಆಳವಾದ ಗುಳಿ, ಗೀರು, ಬಿರುಕು ಇದ್ದರೆ ಲೇತಿಗೆ ಕೊಡಬೇಕು ಇಲ್ಲವೇ ಹೊಸದು ಹಾಕಬೇಕು. ಎಷ್ಟರವರೆಗೆ ಕಡೆಯಬಹುದೆಂಬ ಗರಿಷ್ಠ ವ್ಯಾಸವನ್ನು ಹೆಚ್ಚಿನ ಡ್ರಮ್ಮುಗಳ ಮೇಲೆಯೇ ಅಚ್ಚು ಹಾಕಿರುತ್ತಾರೆ. ಮೂರನೆಯದು ವೀಲ್ ಸಿಲಿಂಡರ್. ಅದರ ತುದಿಯ ರಬ್ಬರ್ ಟೊಪ್ಪಿಯನ್ನು ಸ್ವಲ್ಪ ಎತ್ತಿ ನೋಡಿ. ಒಳಗೆ ಆಯಿಲ್ ಜಿನುಗಿದ್ದರೆ ಸಿಲಿಂಡರ್ ಬದಲಾಯಿಸಬೇಕು. ಶೂಗಳನ್ನು ಮೆಲ್ಲಗೆ ಒಳಕ್ಕೆ ಒತ್ತಿದಾಗ ಪಿಸ್ಟನ್ ಜಾರಬೇಕು. ಬಿಗಿಯಾಗಿ ನಿಂತರೆ ಅದೂ ಬದಲಾವಣೆಗೆ ಬಂತು. ಡ್ರಮ್ ಇಲ್ಲದಿರುವಾಗ ಯಾರೂ ಪೆಡಲ್ ಒತ್ತದಂತೆ ನೋಡಿಕೊಳ್ಳಿ. ಒತ್ತಿದರೆ ಪಿಸ್ಟನ್ ಹಾರಿ ಹೊರಗೆ ಬರುತ್ತದೆ. ನಾಲ್ಕನೆಯದು ಹ್ಯಾಂಡ್ ಬ್ರೇಕಿನ ಸನ್ನೆಗೋಲು ಮತ್ತು ಕೇಬಲ್. ಎರಡೂ ಕೈಯಲ್ಲಿ ಸುಲಭವಾಗಿ ಆಡಬೇಕು. ತುಕ್ಕು ಹಿಡಿದ ಕೇಬಲಿಗೆ ಎಣ್ಣೆ ಬಿಟ್ಟರೆ ಕೆಲವು ದಿನ ಜಾರುತ್ತದೆ, ಮುಂದಿನ ಮಳೆಗೆ ಮತ್ತೆ ಹಿಡಿಯುತ್ತದೆ. ಹೊಸ ಕೇಬಲ್ ಹಾಕಿಸುವುದೇ ಪರಿಹಾರ.

ಶೂ ಬಿಚ್ಚುವುದಿದ್ದರೆ ಒಂದು ಬದಿ ಪೂರ್ತಿ ಮುಗಿಸಿಯೇ ಇನ್ನೊಂದಕ್ಕೆ ಕೈ ಹಾಕಿ. ಯಾವ ಸ್ಪ್ರಿಂಗ್ ಯಾವ ತೂತಿಗೆ ಎಂದು ಮರೆತರೆ ಮತ್ತೊಂದು ಬದಿ ನೋಡಿಕೊಳ್ಳಬಹುದು. ಎಡದ್ದು ಬಲದ್ದಕ್ಕೆ ಕನ್ನಡಿಯ ಬಿಂಬದಂತೆ ಇರುತ್ತದೆ ಎಂಬುದು ಮಾತ್ರ ನೆನಪಿರಲಿ. ಬಿಚ್ಚುವ ಮೊದಲು ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ. ಸ್ಪ್ರಿಂಗ್ ಹಾರಿ ಕಣ್ಣಿಗೆ ಬೀಳದಂತೆ ಕನ್ನಡಕ ಹಾಕಿಕೊಳ್ಳಿ. ಶೂವಿನ ಅಂಚು ಬ್ಯಾಕ್ ಪ್ಲೇಟಿಗೆ ತಾಗಿ ಜಾರುವ ಉಬ್ಬುಗಳಿಗೆ ಶಾಖ ತಡೆಯುವ ಗ್ರೀಸನ್ನು ತೆಳ್ಳಗೆ ಸವರಿ. ಲೈನಿಂಗಿಗೆ ಒಂದು ಚೂರೂ ತಾಗಬಾರದು.

ಬ್ರೇಕ್ ಆಯಿಲಿನ ಬಗ್ಗೆಯೂ ಒಂದು ಮಾತು. ಡಾಟ್ 3 ಎಂಬ ದರ್ಜೆಯ ಹೊಸ ಆಯಿಲ್ ಕುದಿಯುವುದು ಕಡಿಮೆಯೆಂದರೆ 205 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕೆಂದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ದರ್ಜೆಯಲ್ಲಿ ಇವು 230 ಮತ್ತು 155. ಘಾಟಿ ಇಳಿಯುವಾಗ ಬ್ರೇಕ್ ಕಾದು ಆಯಿಲ್ ಕುದಿದರೆ ಆವಿಯ ಗುಳ್ಳೆಗಳು ತುಂಬಿ ಪೆಡಲ್ ನೆಲಕ್ಕೆ ಹೋಗುತ್ತದೆ. ಹಾಗಾಗಿ ಸುಮಾರು ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು. ನಿಮ್ಮ ಗಾಡಿಗೆ ಯಾವ ದರ್ಜೆ ಎಂಬುದು ಆಯಿಲ್ ಡಬ್ಬದ ಮುಚ್ಚಳದ ಮೇಲೆ ಬರೆದಿರುತ್ತದೆ. ಮನೆಯಲ್ಲಿ ವರ್ಷದಿಂದ ಬಾಯಿ ತೆರೆದಿಟ್ಟ ಬಾಟ್ಲಿಯದ್ದನ್ನು ಹಾಕಬೇಡಿ. ಎಂಜಿನ್ ಆಯಿಲ್ ಅಂತೂ ಕೂಡದು, ರಬ್ಬರ್ ಎಲ್ಲ ಊದಿ ಹಾಳಾಗುತ್ತದೆ.

ಎಲ್ಲ ಜೋಡಿಸಿದ ಮೇಲೆ ಮೊದಲು ಶೂಗಳ ಹೊಂದಾಣಿಕೆ, ಆಮೇಲೆ ಹ್ಯಾಂಡ್ ಬ್ರೇಕ್ ಕೇಬಲಿನ ಹೊಂದಾಣಿಕೆ. ಈ ಕ್ರಮ ತಪ್ಪಬಾರದು. ಪೆಡಲ್ ಒತ್ತಿದಾಗ ಗಟ್ಟಿಯಾಗಿ ನಿಲ್ಲಬೇಕು. ಸ್ಪಂಜಿನಂತೆ ಮೆತ್ತಗಿದ್ದರೆ ಒಳಗೆ ಗಾಳಿ ಇದೆ. ಮೊದಲ ಪರೀಕ್ಷೆ ಅಂಗಳದಲ್ಲಿ, ನಡೆಯುವ ವೇಗದಲ್ಲಿ. ಆಮೇಲೆ ಸಮತಟ್ಟಾದ ಖಾಲಿ ರಸ್ತೆಯಲ್ಲಿ ನಾಲ್ಕೈದು ಕಿಲೋಮೀಟರ್ ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ಓಡಿಸಿ, ನಿಲ್ಲಿಸಿ, ಎರಡೂ ಹಿಂದಿನ ಚಕ್ರಗಳ ಹತ್ತಿರ ಮುಟ್ಟದೆ ಕೈ ಹಿಡಿದು ನೋಡಿ. ಒಂದು ಬದಿ ಹೆಚ್ಚು ಬಿಸಿಯಾಗಿದ್ದರೆ ಆ ಬ್ರೇಕ್ ಇನ್ನೂ ಪೂರ್ತಿ ಬಿಡುತ್ತಿಲ್ಲ.

ಇದೆಲ್ಲ ನಿಮ್ಮಿಂದಾಗದು ಎನ್ನಿಸಿದರೆ ಸಂಕೋಚ ಬೇಡ. ಬ್ರೇಕಿನ ಕೆಲಸವನ್ನು ಅರ್ಧ ತಿಳಿದು ಮಾಡುವುದಕ್ಕಿಂತ ಮೆಕ್ಯಾನಿಕ್ಕಿಗೆ ಕೊಡುವುದು ಒಳ್ಳೆಯದು. ಆದರೆ ಗ್ಯಾರೇಜಿನಲ್ಲಿ ಮೂರು ಪ್ರಶ್ನೆ ಕೇಳಿ. ಡ್ರಮ್ ಬಿಚ್ಚಿ ನೋಡಿದಿರಾ, ಬರಿಯ ತಟ್ಟಿ ಬಿಡಿಸಿದ್ದಾ? ಎರಡೂ ಬದಿ ನೋಡಿದಿರಾ? ಬದಲಿಸಿದ ಹಳೆಯ ಸಾಮಾನು ಎಲ್ಲಿ? ಕೆಲಸ ಬಲ್ಲವರಿಗೆ ಈ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ.

ಈ ಮಾತು ಕಾಸರಗೋಡಿನವರಿಗೆ ಮಾತ್ರವಲ್ಲ. ತಾಳವಾಡಿಯ ಕೇಳುಗರು ಸತ್ಯಮಂಗಲಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಇಳಿಯಬೇಕು. ನೀಲಗಿರಿಯವರಿಗೆ ಮಸಿನಗುಡಿ ಕಡೆಗೆ ಇಳಿಯುವ ಕಲ್ಲಟ್ಟಿ ಘಾಟಿಯಲ್ಲಿ 36. ವಯನಾಡಿನವರಿಗೆ ತಾಮರಶ್ಶೇರಿ ಚುರದಲ್ಲಿ 9. ಮೂರೂ ಕಡೆ ಇಳಿಯುವ ಮೊದಲು ಹಿಂದಿನ ಬ್ರೇಕಿನ ಸ್ಥಿತಿ ತಿಳಿದಿರಬೇಕು. ಸೊಲ್ಲಾಪುರ, ಅಕ್ಕಲಕೋಟೆ, ಆದೋನಿ, ರಾಯದುರ್ಗದಂಥ ಬಯಲುಸೀಮೆಯಲ್ಲಿ ಮಳೆ ಕಡಿಮೆ, ತುಕ್ಕಿನ ಕಾಟವೂ ಕಡಿಮೆ. ಆದರೆ ಅಲ್ಲಿಯೂ ಗಾಡಿ ತೊಳೆದ ಕೂಡಲೆ ಹ್ಯಾಂಡ್ ಬ್ರೇಕ್ ಎಳೆದು ವಾರಗಟ್ಟಲೆ ಬಿಟ್ಟರೆ ಇದೇ ಕತೆ.

ಕೊನೆಯದಾಗಿ, ಇದು ಬಾರದಂತೆ ನೋಡಿಕೊಳ್ಳುವ ದಾರಿ. ಅದಕ್ಕೆ ಒಂದು ಕಾಸೂ ಖರ್ಚಿಲ್ಲ. ಗಾಡಿಯನ್ನು ಬಹಳ ದಿನ ನಿಲ್ಲಿಸುವುದಿದ್ದರೆ ಸಮತಟ್ಟಾದ ಜಾಗದಲ್ಲಿ, ಮೊದಲನೇ ಗೇರಿನಲ್ಲೋ ರಿವರ್ಸಿನಲ್ಲೋ ಇಟ್ಟು, ಚಕ್ರಗಳಿಗೆ ಎರಡೂ ಬದಿಯಿಂದ ಅಡೆ ಕೊಟ್ಟು, ಹ್ಯಾಂಡ್ ಬ್ರೇಕ್ ಇಳಿಸಿ ಬಿಡಿ. ಇಳಿಜಾರಿನಲ್ಲಿ ಮಾತ್ರ ಹೀಗೆ ಮಾಡಬೇಡಿ, ಅಲ್ಲಿ ಹ್ಯಾಂಡ್ ಬ್ರೇಕ್ ಬೇಕೇ ಬೇಕು. ಮಳೆಯಲ್ಲಿ ಬಂದ ಅಥವಾ ತೊಳೆದ ಗಾಡಿಯನ್ನು ಶೆಡ್ಡಿಗೆ ಹಾಕುವ ಮೊದಲು ಸ್ವಲ್ಪ ದೂರ ಓಡಿಸಿ, ನಾಲ್ಕು ಸಲ ಮೆಲ್ಲಗೆ ಬ್ರೇಕ್ ಒತ್ತಿ. ಆ ಬಿಸಿಗೆ ಡ್ರಮ್ ಒಣಗುತ್ತದೆ. ಟಾರ್ಪಾಲು ಹೊದಿಸುವುದಾದರೆ ನೆಲದವರೆಗೆ ಎಳೆಯದೆ ಗಾಳಿಯಾಡಲು ಬಿಡಿ. ಒದ್ದೆ ಮಣ್ಣು, ಹುಲ್ಲಿನ ಮೇಲೆ ನಿಲ್ಲಿಸಬೇಡಿ. ಹತ್ತು ದಿನಕ್ಕೊಮ್ಮೆ ಮಳೆ ಬಿಟ್ಟ ಹೊತ್ತಿನಲ್ಲಿ ಒಂದು ಸುತ್ತು ಹೋಗಿಬನ್ನಿ. ಬ್ಯಾಟರಿಗೂ ಒಳ್ಳೆಯದು.

ಇಷ್ಟೆಲ್ಲ ಮಾಡಿಯೂ ಮುಂದಿನ ನವರಾತ್ರಿಗೆ ನಿಮ್ಮ ಗಾಡಿ ಕುಳಿತೇ ಬಿಟ್ಟರೆ, ‘ಟಕ್’ ಎಂದ ಕೂಡಲೆ ಪೇಟೆಗೆ ಹೊರಡಬೇಡಿ. ಬಿಟ್ಟದ್ದು ತುಕ್ಕೋ ಲೈನಿಂಗೋ ಎಂದು ಡ್ರಮ್ ಬಿಚ್ಚಿ ನೋಡಿ, ಇಲ್ಲವೇ ನೋಡಿಸಿ. ಮಡಿಕೇರಿಗೆ ಒಂದು ದಿನ ತಡವಾಗಿ ಹೋದರೂ ಆದೀತು. ನಾನು ಹಾಗೆಯೇ ಹೋದೆ, ಹಾಗೆಯೇ ಸುಖವಾಗಿ ಬಂದೆ.